ಮೊಟ್ಟೆ ಹೊತ್ತ ಏಡಿ ಕೊಳ್ಳಬಹುದಾ? ನಮ್ಮ ಕರಾವಳಿಯಲ್ಲಿ ಎಷ್ಟು ಬಗೆ ಏಡಿ ಇವೆ?

ಸರಸ್ವತಿಪುರಂ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಸಮುದ್ರದ ಏಡಿ ಈಗ ಅಪರೂಪವೇನಲ್ಲ. ಮಂಗಳೂರು, ಮಲ್ಪೆ ಕಡೆಯಿಂದ ರಾತ್ರಿ ಲಾರಿಯಲ್ಲಿ ಐಸ್ ತುಂಬಿಕೊಂಡು ಬರುತ್ತದೆ, ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಇರುತ್ತದೆ. ನಾವು ಗದ್ದೆ ಏಡಿಕಾಯಿ ಸಾರು ತಿಂದು ಬೆಳೆದವರು. ಸಮುದ್ರದ್ದು ರೂಢಿಯಾಗಿದ್ದು ಇತ್ತೀಚೆಗೆ.

ಈ ವಾರ ಅಂಗಡಿಯಲ್ಲಿ ತಟ್ಟೆ ತುಂಬಾ ಏಡಿ ಹರಡಿದ್ದರು. ತುಂಬಾ ಏಡಿಗಳ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಮುದ್ದೆ ಅಂಟಿಕೊಂಡಿತ್ತು. ಕೆಲವಕ್ಕೆ ಅದೇ ಮುದ್ದೆ ಕಂದು, ಇನ್ನು ಕೆಲವಕ್ಕೆ ಪೂರಾ ಕಪ್ಪು. ಬೆರಳಲ್ಲಿ ಬಿಡಿಸಿ ನೋಡಿದರೆ ಚಿರೋಟಿ ರವೆ ಥರ ಸಣ್ಣ ಸಣ್ಣ ಕಾಳು. "ಮೊಟ್ಟೆ ಅಕ್ಕಾ, ತಗೊಳ್ಳಿ, ಟೇಸ್ಟು ಜಾಸ್ತಿ" ಅಂದರು. ಕಪ್ಪಗಿರೋದು ಕೆಟ್ಟಿದೆಯಾ ಅಂತ ಕೇಳಿದರೆ "ಅದೂ ಮೊಟ್ಟೆನೇ, ತೊಳೆದರೆ ಹೋಗುತ್ತೆ" ಅಂದುಬಿಟ್ಟರು. ತೊಳೆದರೆ ಹೋಗೋದಾದರೆ ಟೇಸ್ಟು ಎಲ್ಲಿಂದ ಬರುತ್ತೆ ಸ್ವಾಮಿ?

ಮೊಟ್ಟೆ ಇರೋದನ್ನು ತಿನ್ನೋದು ತಪ್ಪಾ, ಸರ್ಕಾರದ್ದೇನಾದರೂ ನಿಯಮ ಇದೆಯಾ, ಸಮುದ್ರದಲ್ಲಿ ಏಡಿ ಕಡಿಮೆಯಾಗುತ್ತಿದೆ ಅನ್ನೋದು ನಿಜವಾ? ಆ ತಟ್ಟೆಯಲ್ಲೇ ನಾಲ್ಕು ಥರ ಇದ್ದವು. ಒಂದಕ್ಕೆ ಬೆನ್ನ ಮೇಲೆ ಮೂರು ಚುಕ್ಕೆ, ಒಂದು ನೀಲಿ, ಒಂದಕ್ಕೆ ಹುಲಿಪಟ್ಟೆ ಥರ ಕೆಂಪು-ಬಿಳಿ ಗೆರೆ, ಇನ್ನೊಂದು ದೊಡ್ಡದು ದಾರದಲ್ಲಿ ಕಟ್ಟಿ ಹಾಕಿದ್ದರು. ಒಟ್ಟು ಎಷ್ಟು ಬಗೆ ಇವೆ? ಗೊತ್ತಿರುವವರು ಹೇಳಿ.

ಬನ್ನೂರು ಬಸ್

ಮೇಡಂ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಹುಲಿ, ಆನೆ ಥರ ಒಂದೆರಡು ಮರಿ ಹಾಕುವ ಪ್ರಾಣಿ ಅಲ್ಲ. ಅಲ್ಲದೆ ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆಯೇ ಬಂದ್. ಅದೇ ಸಂತಾನಕ್ಕೆ ಬಿಟ್ಟ ರಜೆ. ಉಳಿದ ಹತ್ತು ತಿಂಗಳು ಆರಾಮಾಗಿ ತಿನ್ನಿ. ಮೈಸೂರಲ್ಲಿ ನಾವು ನಾಲ್ಕು ಏಡಿ ಬಿಟ್ಟರೆ ಅರಬ್ಬೀ ಸಮುದ್ರ ತುಂಬಿ ಹರಿಯುತ್ತಾ?

ಗಂಗೊಳ್ಳಿ ಹುಡುಗ

ನಾನು ಗಂಗೊಳ್ಳಿಯವನು, ಕೆಲಸಕ್ಕೆ ಅಂತ ಮೈಸೂರಿಗೆ ಬಂದು ಹೂಟಗಳ್ಳಿಯಲ್ಲಿ ಇದ್ದೇನೆ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಎಲ್ಲರೂ ಬೋಟಿನವರೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮೊಟ್ಟೆ ವಿಷಯ. ಜನ ಎರಡನ್ನು ಒಂದೇ ಅಂದುಕೊಳ್ಳುತ್ತಾರೆ. ಏಡಿಯ ಬೆನ್ನ ಚಿಪ್ಪು ತೆಗೆದಾಗ ಒಳಗೆ ಎರಡೂ ಕಡೆ ಕೆಂಪು-ಕಿತ್ತಳೆ ಗಟ್ಟಿ ಪದಾರ್ಥ ಸಿಗುತ್ತದಲ್ಲ, ಅದು ಅಂಡಾಶಯ. ಅದು ನಿಜಕ್ಕೂ ರುಚಿ, ಅದಕ್ಕೇ ಜನ ಹೆಣ್ಣೇಡಿ ಕೇಳೋದು. ಹೊರಗೆ ಹೊಟ್ಟೆಯ ಮಡಿಕೆಯಡಿ ಅಂಟಿಕೊಂಡ ಮುದ್ದೆಯೇ ಬೇರೆ. ಅದು ಈಗಾಗಲೇ ಹೊರಬಂದ ಮೊಟ್ಟೆ, ತಾಯಿ ಹೊತ್ತುಕೊಂಡು ತಿರುಗುತ್ತಿರುತ್ತದೆ. ಬಾಯಿಗೆ ಹಾಕಿದರೆ ಮರಳು ಮರಳು, ರುಚಿ ಏನೂ ಇಲ್ಲ. ನಮ್ಮಮ್ಮ ಹಳೇ ಹಲ್ಲುಜ್ಜೋ ಬ್ರಶ್ಶಿನಲ್ಲಿ ಅದನ್ನು ಉಜ್ಜಿ ತೆಗೆದು ಬಿಸಾಡಿಯೇ ಏಡಿ ಕತ್ತರಿಸುವುದು. ಅಂದರೆ ಮೇಡಂ, ನೀವು ಕಸಕ್ಕೆ ಹೋಗುವ ಮುದ್ದೆಗೂ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದೀರಿ.

ಬಣ್ಣ ನೋಡಿದರೆ ಮೊಟ್ಟೆಗೆ ಎಷ್ಟು ದಿನವಾಗಿದೆ ಅಂತ ಅಂದಾಜು ಸಿಗುತ್ತದೆ. ಹಳದಿ-ಕಿತ್ತಳೆ ಇದ್ದರೆ ಹೊಸದು. ಆಮೇಲೆ ಕಂದು. ಕೊನೆಗೆ ಬೂದು-ಕಪ್ಪು. ಆ ಕಪ್ಪು ಕೊಳೆತದ್ದಲ್ಲ, ಒಳಗಿನ ಮರಿಗಳಿಗೆ ಕಣ್ಣು ಮೂಡಿರುತ್ತದೆ, ಸಾವಿರಾರು ಕಣ್ಣು ಸೇರಿ ಮುದ್ದೆಯೇ ಕಪ್ಪಾಗಿ ಕಾಣುತ್ತದೆ. ಒಂದೆರಡು ದಿನದಲ್ಲಿ ಒಡೆದು ನೀರಿಗೆ ಹೋಗಬೇಕಿತ್ತು. ಒಟ್ಟು ಎಂಟು-ಹತ್ತು ದಿನದ ಕೆಲಸ ಅದು. ಅಷ್ಟರಲ್ಲಿ ಬಲೆಗೆ ಬಿತ್ತು.

ಇನ್ನು ಬನ್ನೂರು ಅಣ್ಣನ ಮಾತಿಗೆ. ಲಕ್ಷಗಟ್ಟಲೆ ಮೊಟ್ಟೆ ಅನ್ನೋದು ನಿಜ. ಆದರೆ ಅಷ್ಟು ಇಡೋದೇ ಹೆಚ್ಚು ಕಡಿಮೆ ಎಲ್ಲವೂ ಸಾಯುವುದರಿಂದ. ಒಡೆದು ಬಂದ ಮರಿ ಏಡಿ ಥರ ಕಾಣೋದೂ ಇಲ್ಲ, ಕಣ್ಣು ದೊಡ್ಡದು, ತಲೆಯ ಮೇಲೊಂದು ಮುಳ್ಳು, ನೀರಿನ ಜೊತೆ ಅಲೆಯುತ್ತಿರುತ್ತದೆ. ಬೂತಾಯಿ, ಬಂಗುಡೆ ಎಲ್ಲವಕ್ಕೂ ಅದು ಊಟ. ನಾಲ್ಕೈದು ಸಲ ಪೊರೆ ಕಳಚಿ, ಆಮೇಲೆ ಇನ್ನೊಂದು ರೂಪ ತಾಳಿ, ತಳಕ್ಕೆ ಇಳಿದು ಏಡಿಯಾಗುವಷ್ಟರಲ್ಲಿ ಉಳಿಯೋದು ಬೆರಳೆಣಿಕೆ. ಲೆಕ್ಕ ಹಾಕಬೇಕಾದ್ದು ಉಳಿಯೋದನ್ನು, ಇಡೋದನ್ನಲ್ಲ.

ರಜೆ ಅಂದಿರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ನಿಜ. ನಾಡದೋಣಿಯವರು ಸಣ್ಣ ಇಂಜಿನ್ನಿನಲ್ಲಿ ಹೋಗುತ್ತಾರೆ. ಅದು ಒಳ್ಳೆಯ ನಿಯಮವೇ, ನಮ್ಮ ಮನೆಯವರೂ ಒಪ್ಪುತ್ತಾರೆ, ಬೋಟು ರಿಪೇರಿಗೂ ಅದೇ ಸಮಯ. ಆದರೆ ಏಡಿ ಕ್ಯಾಲೆಂಡರ್ ನೋಡಿಕೊಂಡು ಮೊಟ್ಟೆ ಇಡಲ್ಲ. ನೀಲಿ ಏಡಿ, ಮೂರು ಚುಕ್ಕೆ ಏಡಿ ಎರಡೂ ವರ್ಷಪೂರ್ತಿ ಮೊಟ್ಟೆ ಇಡುತ್ತವೆ, ಕೆಲವು ತಿಂಗಳು ಜಾಸ್ತಿ ಅಷ್ಟೇ. ಡಿಸೆಂಬರ್, ಜನವರಿಯಲ್ಲೂ ಬುಟ್ಟಿಯಲ್ಲಿ ಮೊಟ್ಟೆ ಏಡಿ ನೋಡಿದ್ದೇನೆ. ಆ ಎರಡು ತಿಂಗಳ ರಜೆಯಿಂದ ಏಡಿಗೆ ಸ್ವಲ್ಪ ಉಸಿರು ಸಿಗುತ್ತದೆ, ಪೂರ್ತಿ ರಕ್ಷಣೆ ಸಿಗಲ್ಲ.

ಝೂಆಲಜಿ ಮೇಷ್ಟ್ರು

ಗಂಗೊಳ್ಳಿಯವರು ಚೆನ್ನಾಗಿ ಹೇಳಿದ್ದಾರೆ. ನಾನು ಬಗೆಗಳ ಪ್ರಶ್ನೆಗೆ ಬರುತ್ತೇನೆ.

ಪ್ರಪಂಚದಲ್ಲಿ ನಿಜವಾದ ಏಡಿಗಳು ಸುಮಾರು 7,000 ಜಾತಿ. ಅದರಲ್ಲಿ ಸಿಹಿನೀರಿನವೇ 1,300ರ ಆಸುಪಾಸು. ಭಾರತದ ಕಡಲಲ್ಲಿ ಈವರೆಗೆ ಗುರುತಿಸಿರುವುದು 900ಕ್ಕೂ ಹೆಚ್ಚು. ಈ ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಅಂಗಡಿ ತಟ್ಟೆಗೆ ಬರೋದು ಅದರಲ್ಲಿ ಕೈಬೆರಳಿನಷ್ಟು ಮಾತ್ರ.

ಮೇಡಂ ನೋಡಿದ ನಾಲ್ಕನ್ನು ನೋಡೋಣ. ಬೆನ್ನ ಹಿಂಭಾಗದಲ್ಲಿ ಬಿಳಿ ಅಂಚಿನ ಮೂರು ಕೆಂಗಂದು ಚುಕ್ಕೆ ಇರೋದು ಪೋರ್ಟ್ಯೂನಸ್ ಸಾಂಗ್ವಿನೊಲೆಂಟಸ್. ನೀಲಿ ಇರೋದು ಪೋರ್ಟ್ಯೂನಸ್ ಪೆಲಾಜಿಕಸ್ ಅಂತ ಕರೆಯುತ್ತಾ ಬಂದಿರುವ ಏಡಿ, ಅದರಲ್ಲೂ ಗಂಡು. ಅದೇ ಜಾತಿಯ ಹೆಣ್ಣು ಮಾಸಲು ಹಸಿರು-ಕಂದು, ಒಂದೇ ಜಾತಿ ಅಂತ ಯಾರೂ ನಂಬಲ್ಲ. ಕೆಂಪು-ಬಿಳಿ ಗೆರೆಯದು ಕ್ಯಾರಿಬ್ಡಿಸ್ ಫೆರಿಯಾಟಾ, ಬೆನ್ನ ನಡುವೆ ಶಿಲುಬೆಯಂಥ ಗುರುತು ಇರುತ್ತದೆ, ಹಾಗಾಗಿ ಶಿಲುಬೆ ಏಡಿ ಅಂತಲೂ ಕರೆಯುತ್ತಾರೆ. ದಾರ ಕಟ್ಟಿದ್ದು ಕೆಸರೇಡಿ, ಸಿಲ್ಲಾ. ಕಟ್ಟದಿದ್ದರೆ ಬೆರಳು ಉಳಿಯಲ್ಲ.

ಮುಂದಿನ ಸಲ ಕೊನೆಯ ಜೊತೆ ಕಾಲು ನೋಡಿ. ಈ ನಾಲ್ಕಕ್ಕೂ ಅದರ ತುದಿ ಚಪ್ಪಟೆಯಾಗಿ ದೋಣಿಯ ಹುಟ್ಟಿನ ಥರ ಇರುತ್ತದೆ. ಅದರಲ್ಲಿ ಈಜುತ್ತವೆ. ಗದ್ದೆ ಏಡಿಯ ಕಾಲು ತುದಿ ಚೂಪು, ನಡೆಯಲಿಕ್ಕೆ ಮಾತ್ರ. ಗಂಡು ಹೆಣ್ಣು ತಿಳಿಯಲು ತಿರುಗಿಸಿ ಹೊಟ್ಟೆ ನೋಡಿ. ಮಡಿಕೆ ಕಿರಿದಾಗಿ ಚೂಪಾಗಿದ್ದರೆ ಗಂಡು. ಅಗಲವಾಗಿ ದುಂಡಗೆ ಇದ್ದರೆ ಬೆಳೆದ ಹೆಣ್ಣು. ಹೆಣ್ಣೇ ಆದರೂ ಮಡಿಕೆ ಇನ್ನೂ ತ್ರಿಕೋನವಾಗಿದ್ದರೆ ಅದು ಒಮ್ಮೆಯೂ ಮೊಟ್ಟೆ ಇಟ್ಟಿಲ್ಲದ ಎಳೆಯದು. ಮೊಟ್ಟೆ ಏಡಿಯ ಬಗ್ಗೆ ಎಲ್ಲರಿಗೂ ಪಾಪ ಅನ್ನಿಸುತ್ತದೆ, ಈ ಎಳೆಯದರ ಬಗ್ಗೆ ಯಾರಿಗೂ ಅನ್ನಿಸಲ್ಲ. ನನ್ನ ಪ್ರಕಾರ ಜಾಸ್ತಿ ಚಿಂತೆ ಮಾಡಬೇಕಾದ್ದು ಇದಕ್ಕೆ.

ಅಂಗಡಿಗೆ ಬಾರದ ಏಡಿಗಳೇ ನನಗೆ ಇಷ್ಟ. ಮರಳಿನಲ್ಲಿ ಕ್ಷಣದಲ್ಲಿ ಹೂತುಕೊಳ್ಳುವ ಮಟೂಟಾ, ಅಲೆ ಬಡಿಯುವ ಜಾಗದಲ್ಲೇ ಇರುತ್ತದೆ, ಹಳದಿ ಮೈ ಮೇಲೆ ಚುಕ್ಕೆ. ಸ್ಪಂಜಿನ ತುಂಡನ್ನು ಕತ್ತರಿಸಿ ಬೆನ್ನ ಮೇಲೆ ಟೋಪಿಯಂತೆ ಹೊತ್ತು ಓಡಾಡುವ ಡ್ರೋಮಿಯಾ. ಇನ್ನೊಂದು, ಕಪ್ಪೆಚಿಪ್ಪಿನ ಒಳಗೇ ಬಾಡಿಗೆ ಇಲ್ಲದೆ ಬದುಕುವ ಬಟಾಣಿ ಗಾತ್ರದ ಏಡಿ. ಚಿಪ್ಪು ಬೇಯಿಸಿ ಬಿಡಿಸುವಾಗ ಮೆತ್ತಗಿನ ಪುಟ್ಟ ಏಡಿ ಸಿಕ್ಕಿದರೆ ಅದೇ. ಜನ ಕಸ ಅಂತ ಎಸೆಯುತ್ತಾರೆ. ಹೊಳೆ ಕಡಲು ಸೇರುವ ಜಾಗದ ಕೆಸರಲ್ಲಿ ಒಂದು ಕೈ ಮಾತ್ರ ಭಾರೀ ದೊಡ್ಡದಿರುವ ಪಿಟೀಲು ಏಡಿ, ಗಂಡು ಆ ಕೈ ಬೀಸಿ ಹೆಣ್ಣನ್ನು ಕರೆಯುತ್ತದೆ. ಕಾಂಡ್ಲಾ (ಉಪ್ಪು ನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡದ ಉದುರಿದ ಎಲೆ ಎಳೆದುಕೊಂಡು ಬಿಲಕ್ಕೆ ಹೋಗುವ ಏಡಿಗಳಂತೂ ಆ ಕಾಡಿಗೆ ಗೊಬ್ಬರ ಮಾಡಿಕೊಡುವ ಕೂಲಿಗಳು. ಬಿಲ ತೋಡುವುದರಿಂದ ಕೆಸರಿಗೆ ಗಾಳಿ ಹೋಗುತ್ತದೆ, ಬೇರು ಉಸಿರಾಡುತ್ತದೆ.

ಇನ್ನೊಂದು ವಿಷಯ ಇದೆ, ಇದು ಸ್ವಲ್ಪ ಪಾಠದ ಥರ ಆಗಬಹುದು. ಕೆಸರೇಡಿಯೆಲ್ಲ ಒಂದೇ ಅಂತ ತುಂಬಾ ಕಾಲ ಲೆಕ್ಕ ಹಾಕುತ್ತಿದ್ದರು. 1998ರಲ್ಲಿ ಸಿಲ್ಲಾದಲ್ಲಿ ನಾಲ್ಕು ಜಾತಿ ಇವೆ ಅಂತ ಬಿಡಿಸಿದರು. ನಮ್ಮಲ್ಲಿ ಮುಖ್ಯವಾಗಿ ಎರಡು. ಸೆರ್ರಾಟಾ ದೊಡ್ಡದಾಗಿ ಬೆಳೆಯುತ್ತದೆ, ಎರಡು ಮೂರು ಕೆಜಿಯವರೆಗೂ. ಕಾಲಿನ ಮೇಲೆಲ್ಲ ಜಾಲರಿಯಂಥ ಚಿತ್ತಾರ ಇರುತ್ತದೆ, ಕಣ್ಣುಗಳ ನಡುವಿನ ಹಲ್ಲು ಚೂಪು. ಒಲಿವೇಸಿಯಾ ಚಿಕ್ಕದು, ಕೊಂಡಿ ಕೆಂಪಗೆ, ಹಲ್ಲು ಮೊಂಡು. 2010ರಲ್ಲಿ ನೀಲಿ ಏಡಿಯನ್ನೂ ಹೀಗೇ ನಾಲ್ಕು ಜಾತಿ ಮಾಡಿದರು. ಇದರಿಂದ ನಮಗೇನು ಅಂತ ಕೇಳಬಹುದು. ದೊಡ್ಡ ಜಾತಿ ಪ್ರಾಯಕ್ಕೆ ಬರುವಾಗಲೇ ಗಾತ್ರ ಜಾಸ್ತಿ ಇರುತ್ತದೆ. ಎರಡಕ್ಕೂ ಒಂದೇ ಅಳತೆ ಇಟ್ಟು "ಇದಕ್ಕಿಂತ ಚಿಕ್ಕದು ಹಿಡಿಯಬೇಡಿ" ಅಂದರೆ, ಚಿಕ್ಕ ಜಾತಿ ಉಳಿಯುತ್ತದೆ, ದೊಡ್ಡದರ ಎಳೆಯವು ಎಲ್ಲಾ ಬುಟ್ಟಿ ಸೇರುತ್ತವೆ.

ನಾಲೆ ಬಯಲು, ಮಂಡ್ಯ

ಮೇಷ್ಟ್ರೇ, ಚೆನ್ನಾಗಿದೆ. ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಏಡಿಕಾಯಿ ಬಗ್ಗೆಯೂ ಒಂದು ಮಾತು ಹೇಳಿ. ಬದುವಿಗೆ ತೂತು ಕೊರೆದು ರಾತ್ರೋರಾತ್ರಿ ಗದ್ದೆ ನೀರೆಲ್ಲ ಪಕ್ಕದವನ ಗದ್ದೆಗೆ ಹರಿಸಿ ಜಗಳ ತಂದಿಡುವ ಪ್ರಾಣಿ ಅದು. ನಾವು ಹುಡುಗರಾಗಿದ್ದಾಗ ಬಿಲಕ್ಕೆ ಕೈ ಹಾಕಿ ಹಿಡಿಯುತ್ತಿದ್ದೆವು, ಹಾವಿದ್ದರೆ ಏನು ಗತಿ ಅಂತ ಯಾರೂ ಯೋಚನೆ ಮಾಡುತ್ತಿರಲಿಲ್ಲ. ಈಗ ಔಷಧಿ ಹೊಡೆದು ಹೊಡೆದು ನಮ್ಮ ಕಡೆ ಕಡಿಮೆಯಾಗಿದೆ.

ಇನ್ನೊಂದು, ಕೆಸರೇಡಿಗೆ ಒಳ್ಳೇ ರೇಟು ಅಂತ ಯೂಟ್ಯೂಬಲ್ಲಿ ನೋಡಿದೆ. ಬೋರ್‌ವೆಲ್ ನೀರಿನ ಹೊಂಡದಲ್ಲಿ ಸಾಕಬಹುದು ಅಂತ ಒಬ್ಬರು ಹೇಳುತ್ತಿದ್ದರು. ಕಬ್ಬಿನ ದುಡ್ಡು ಬರೋದು ಯಾವಾಗಲೋ. ಮಂಡ್ಯದಲ್ಲಿ ಆಗುತ್ತಾ? ಸಾಕಿದರೆ ಕಡಲಿನದ್ದೂ ಉಳಿಯುತ್ತೆ ಅಲ್ವಾ?

ಝೂಆಲಜಿ ಮೇಷ್ಟ್ರು

ಗದ್ದೆ ಏಡಿಯ ಸಂಸಾರ ಪೂರಾ ಬೇರೆ. ಅದಕ್ಕೆ ಅಲೆಯುವ ಮರಿ ಹಂತವೇ ಇಲ್ಲ. ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ, ಲಕ್ಷದ ಮಾತೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ನೇರವಾಗಿ ಪುಟ್ಟ ಏಡಿಯಾಗಿ ಹೊರಬರುತ್ತದೆ. ಆಮೇಲೂ ಕೆಲವು ದಿನ ತಾಯಿಯ ಹೊಟ್ಟೆಯ ಮಡಿಕೆಯಲ್ಲೇ ಇರುತ್ತವೆ, ನೀವು ಹುಡುಗರಾಗಿದ್ದಾಗ ನೋಡಿಯೇ ಇರುತ್ತೀರಿ. ಕಡಲ ಮರಿ ನೀರಿನ ಸೆಳೆತಕ್ಕೆ ಸಿಕ್ಕಿ ಎಲ್ಲಿಂದ ಎಲ್ಲಿಗೋ ಹೋಗಿ ಖಾಲಿಯಾದ ಜಾಗ ತುಂಬುತ್ತದೆ. ಗದ್ದೆ ಏಡಿ, ಹಳ್ಳದ ಏಡಿ ಹಾಗೆ ಹೋಗಲಾರವು. ಒಂದು ಹಳ್ಳದಲ್ಲಿ ಮುಗಿದರೆ ಆ ಹಳ್ಳಕ್ಕೆ ಮುಗಿದ ಹಾಗೆ. ಪಶ್ಚಿಮಘಟ್ಟದ ಹಳ್ಳಗಳಲ್ಲಿ ಈಗಲೂ ಹೊಸ ಜಾತಿಗಳು ಸಿಗುತ್ತಲೇ ಇರುವುದಕ್ಕೂ ಇದೇ ಕಾರಣ, ಒಂದೊಂದು ಕಣಿವೆಯಲ್ಲಿ ಒಂದೊಂದು ಬಗೆ ಉಳಿದುಕೊಂಡಿದೆ.

ಸಾಕಾಣಿಕೆ ಬಗ್ಗೆ ಗಂಗೊಳ್ಳಿಯವರು ಹೇಳಲಿ.

ಗಂಗೊಳ್ಳಿ ಹುಡುಗ

ಅಣ್ಣಾ, ದುಡ್ಡು ಹಾಕಬೇಡಿ. ಕೆಸರೇಡಿಗೆ ಉಪ್ಪು ನೀರು ಬೇಕು. ಬೆಳೆದದ್ದು ಕಡಿಮೆ ಉಪ್ಪಿನಲ್ಲೂ ಹೇಗೋ ತಡೆದುಕೊಳ್ಳುತ್ತದೆ, ಆದರೆ ಮರಿ ಮಾಡಲಿಕ್ಕೆ ಕಡಲಿನಷ್ಟೇ ಉಪ್ಪು ಬೇಕು. ಹೆಣ್ಣು ಕೆಸರೇಡಿ ಕೂಡ ಮೊಟ್ಟೆ ಇಡುವ ಹೊತ್ತಿಗೆ ಹೊಳೆ ಬಿಟ್ಟು ಕಡಲಿಗೆ ಇಳಿಯುತ್ತದೆ. ಹೊರಗೆ ಮೊಟ್ಟೆ ಹೊತ್ತ ಕೆಸರೇಡಿ ಮಾರ್ಕೆಟ್ಟಿನಲ್ಲಿ ಅಷ್ಟಾಗಿ ಕಾಣದಿರೋದು ಅದಕ್ಕೇ. ಮಂಡ್ಯದಲ್ಲಿ ಉಪ್ಪು ಸುರಿದು ಹೊಂಡ ಮಾಡಿದರೆ ಅಕ್ಕಪಕ್ಕದ ಕಬ್ಬಿನ ಗದ್ದೆಯ ಗತಿ ಏನು ಅಂತ ನಿಮಗೇ ಗೊತ್ತು.

ನಮ್ಮ ಕಡೆ ಕುಂದಾಪುರದ ಹಿನ್ನೀರಿನಲ್ಲಿ ಕೆಲವರು ಮಾಡುತ್ತಾರೆ. ಆದರೆ ಅದರಲ್ಲಿ ಜಾಸ್ತಿ ಪಾಲು ಮರಿಯಿಂದ ಸಾಕೋದಲ್ಲ. ಹೊಳೆಯಲ್ಲಿ ಹಿಡಿದ, ಆಗಷ್ಟೇ ಪೊರೆ ಬಿಟ್ಟ ಪೊಳ್ಳು ಏಡಿಗೆ ಕೆಲವು ವಾರ ಮೀನು ಹಾಕಿ ಗಟ್ಟಿ ಮಾಡಿ ಮಾರೋದು. ಅದರಿಂದ ತೂಕಕ್ಕೆ ಒಳ್ಳೆಯ ರೇಟು ಸಿಗುತ್ತದೆ, ಕಡಲಿಗೆ ಒಂದು ಏಡಿಯೂ ಜಾಸ್ತಿಯಾಗಲ್ಲ. ಹೊಳೆಯಿಂದ ಮರಿ ಹಿಡಿದು ತಂದು ಸಾಕಿದರಂತೂ ಇನ್ನೂ ಕಡಿಮೆಯಾಗುತ್ತದೆ. ನಿಜವಾಗಿ ಮೊಟ್ಟೆಯಿಂದ ಮರಿ ಮಾಡುವ ಹ್ಯಾಚರಿ ತಮಿಳುನಾಡಿನ ಸೀರ್ಕಾಳಿ ಕಡೆ ಇದೆ, ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ್ದು. ನಮ್ಮ ಕಾವೇರಿ ಕಡಲು ಸೇರುವ ಪೂಂಪುಹಾರ್ ಅಲ್ಲಿಗೆ ಹತ್ತಿರವೇ, ಹಾಗಾಗಿ ಮಂಡ್ಯಕ್ಕೂ ಏಡಿಗೂ ಸಂಬಂಧ ಬೇಕು ಅಂದರೆ ಅಷ್ಟು ಹಿಡಿದುಕೊಳ್ಳಿ. ಅಲ್ಲೂ ಮೊಟ್ಟೆಯಿಂದ ಮರಿಯಾಗುವಷ್ಟರಲ್ಲಿ ಬಹುಪಾಲು ಹೋಗುತ್ತದೆ, ಯಾಕೆಂದರೆ ಸ್ವಲ್ಪ ಬೆಳೆದ ತಕ್ಷಣ ಒಂದನ್ನೊಂದು ತಿನ್ನಲು ಶುರು ಮಾಡುತ್ತವೆ.

ಬನ್ನೂರು ಬಸ್

ಸರಿ, ಮೊಟ್ಟೆ ಲೆಕ್ಕ ಬಿಡಿ. ಆದರೆ ಬಲೆಗೆ ಬಿದ್ದು ಸತ್ತು, ಐಸ್ ಸೇರಿ, ಮೈಸೂರಿಗೆ ಬಂದ ಏಡಿಯನ್ನು ನಾನು ಕೊಳ್ಳದಿದ್ದರೆ ಅದಕ್ಕೆ ಜೀವ ಬರುತ್ತಾ? ಮಾಡಬೇಕಾದ್ದು ಕಡಲಲ್ಲಿ ಅಲ್ವಾ, ಅಡುಗೆಮನೆಯಲ್ಲಿ ಅಲ್ಲ. ಹೊರದೇಶದಲ್ಲಿ ಹೇಗೆ?

ಗಂಗೊಳ್ಳಿ ಹುಡುಗ

ಇದು ಸರಿಯಾದ ಪ್ರಶ್ನೆ. ಒಂದು ಕಡೆ ನಿಮ್ಮ ಮಾತು ನಿಜ, ದೊಡ್ಡ ಕೆಲಸ ಆಗಬೇಕಾದ್ದು ಕಡಲಲ್ಲೇ, ಹೊಳೆ ಬಾಯಿಯಲ್ಲೇ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಹೆಣ್ಣು ಕೆಸರೇಡಿ, ಹೆಣ್ಣು ನೀಲಿ ಏಡಿ ಹಿಡಿಯುವ ಹಾಗೇ ಇಲ್ಲ. ಸಿಕ್ಕರೆ ವಾಪಸ್ ಬಿಡಬೇಕು. ಗಂಡು ಕೆಸರೇಡಿಯೂ 15 ಸೆಂಟಿಮೀಟರ್ ಅಗಲ ಇರಬೇಕು. ಕೇಳಲಿಕ್ಕೆ ಚೆಂದ. ಆದರೆ ಅವರು ಹಿಡಿಯೋದು ಜಾಸ್ತಿ ಪಂಜರದಲ್ಲಿ. ಏಡಿ ಜೀವಂತ ಮೇಲೆ ಬರುತ್ತದೆ, ಅಳತೆ ನೋಡಿ ಬಿಡಬಹುದು. ನಮ್ಮಲ್ಲಿ ಏಡಿ ಬರೋದು ಟ್ರಾಲ್ ಬೋಟಿನಲ್ಲಿ ಸಿಗಡಿ, ಮೀನಿನ ಜೊತೆ, ಇಲ್ಲ ಅಂದರೆ ತಳಕ್ಕೆ ಬಿಟ್ಟ ಬಲೆಯಲ್ಲಿ. ಟ್ರಾಲ್ ಬಲೆ ಗಂಟೆಗಟ್ಟಲೆ ಎಳೆದು ಡೆಕ್ಕಿನ ಮೇಲೆ ಸುರಿದಾಗ ಅರ್ಧ ಸತ್ತಿರುತ್ತವೆ. ತಳದ ಬಲೆಯಲ್ಲಿ ಏಡಿ ಸಿಕ್ಕಿಕೊಂಡರೆ ಬಿಡಿಸೋ ಕಷ್ಟ ಬಿಡಿಸಿದವರಿಗೇ ಗೊತ್ತು. ಕಾಲಿನ ಗಂಟು ಗಂಟಿಗೂ ದಾರ ಸುತ್ತಿರುತ್ತದೆ, ಒಂದು ಕಡೆ ಬಿಡಿಸಿದರೆ ಇನ್ನೊಂದು ಕೊಂಡಿಯಲ್ಲಿ ಹಿಡಿದುಕೊಳ್ಳುತ್ತದೆ, ಕೈಗೆ ಚುಚ್ಚುತ್ತದೆ. ಚಿಕ್ಕಪ್ಪ ಒಂದು ಮಿತಿಯವರೆಗೆ ಸಮಾಧಾನವಾಗಿ ಬಿಡಿಸುತ್ತಾರೆ, ಆಮೇಲೆ ಸಿಟ್ಟು ಬಂದು ಕಾಲು ಮುರಿದೇ ಎಳೆಯುತ್ತಾರೆ. ಏಡಿಗೆ ಕಾಲು ಮತ್ತೆ ಬೆಳೆಯುತ್ತದೆ ನಿಜ, ಆದರೆ ಎಲ್ಲಾ ಕಾಲು ಹೋದದ್ದನ್ನು ಕಡಲಿಗೆ ಬಿಟ್ಟು ಏನು ಪ್ರಯೋಜನ?

ಹಾಗಾಗಿ "ಮೊಟ್ಟೆ ಏಡಿ ಬಿಟ್ಟುಬಿಡಿ" ಅನ್ನೋ ಬೋರ್ಡು ಬಂದರಿನಲ್ಲಿ ಹಾಕಿದರೆ ಸಾಲದು. ನನಗೆ ಅನ್ನಿಸೋದು ಇಷ್ಟು. ಟ್ರಾಲ್ ಬಲೆಯ ತುದಿಯ ಚೀಲದ ಕಣ್ಣು ಚೌಕ ಆಗಬೇಕು. ಈಗಿನ ವಜ್ರದಾಕಾರದ ಕಣ್ಣು ಎಳೆದಾಗ ಮುಚ್ಚಿಕೊಳ್ಳುತ್ತದೆ, ಮರಿ ಹೊರಗೆ ಹೋಗಲು ಜಾಗವೇ ಇರಲ್ಲ. ಚೌಕ ಕಣ್ಣು ತೆರೆದೇ ಇರುತ್ತದೆ. ಬಂದರಿನ ಮೂಲೆಯಲ್ಲಿ ಗುಡ್ಡೆ ಹಾಕಿದ ಸಣ್ಣ ಮೀನಿನ ರಾಶಿ ಕೆದಕಿದರೆ ಎರಡು ರೂಪಾಯಿ ನಾಣ್ಯದಷ್ಟು ಏಡಿಮರಿ ಎಷ್ಟು ಬೇಕಾದರೂ ಸಿಗುತ್ತವೆ. ಅವನ್ನು ಯಾರೂ ತಿನ್ನಲ್ಲ. ಲಾರಿಗೆ ತುಂಬಿ ಫಿಶ್ ಮೀಲ್ ಕಾರ್ಖಾನೆಗೆ ಹೋಗುತ್ತದೆ, ಕೋಳಿ, ಸಿಗಡಿಗೆ ಮೇವಾಗುತ್ತದೆ. ಮೊಟ್ಟೆ ಏಡಿ ತಿಂದರು ಅಂತ ಮೈಸೂರಿನವರನ್ನು ಬೈಯುವ ಮೊದಲು ಈ ರಾಶಿಯ ಬಗ್ಗೆ ಮಾತಾಡಬೇಕು.

ಎರಡನೆಯದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ನಮ್ಮ ಪಂಚಗಂಗಾವಳಿ, ಉತ್ತರ ಕನ್ನಡದ ಅಘನಾಶಿನಿ, ಕಾಳಿ, ಇಲ್ಲೆಲ್ಲ ಕಾಂಡ್ಲಾ ಬೇರಿನ ನಡುವೆ ಏಡಿಮರಿ ಅಡಗಿಕೊಂಡು ಬೆಳೆಯುತ್ತವೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಮಾನ್ಯತೆ) ಸಿಕ್ಕಿದೆ. ಅಲ್ಲಿನ ಗಜನಿ ಗದ್ದೆಯಲ್ಲಿ (ಉಪ್ಪು ನೀರು ನುಗ್ಗುವ ತಗ್ಗು ಗದ್ದೆ) ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಆಮೇಲೆ ಉಪ್ಪು ನೀರು ಬಿಟ್ಟರೆ ಸಿಗಡಿ, ಏಡಿ, ಮೀನು. ಕಾಂಡ್ಲಾ ಕಡಿದು, ಮರಳು ತೆಗೆದು, ಕಸ ಸುರಿದರೆ ಎಂಥ ಬಲೆ ನಿಯಮ ತಂದರೂ ಲಾಭ ಇಲ್ಲ.

ಆದರೆ ಅಡುಗೆಮನೆಗೆ ಸಂಬಂಧವೇ ಇಲ್ಲ ಅಂದದ್ದನ್ನು ನಾನು ಒಪ್ಪಲ್ಲ. ಬಂದರಿನಲ್ಲಿ ಏಡಿ ವಿಂಗಡಿಸುವಾಗ ಯಾವುದಕ್ಕೆ ಯಾವ ಬುಟ್ಟಿ ಅಂತ ತೀರ್ಮಾನ ಮಾಡೋದು ರೇಟು. ಮೊಟ್ಟೆ ಮುದ್ದೆಗೆ ಊರಿನ ಗಿರಾಕಿ ಜಾಸ್ತಿ ಕೊಡುತ್ತಾನೆ ಅಂತ ಗೊತ್ತಾದರೆ ಜೀವ ಇರೋ ಮೊಟ್ಟೆ ಏಡಿಯನ್ನೂ ಯಾರು ನೀರಿಗೆ ಹಾಕುತ್ತಾರೆ ಹೇಳಿ? ದೋಣಿಯವರು ಬಿಡಬಹುದಾದದ್ದು ಸುಮಾರು ಇರುತ್ತದೆ. ಅವರದ್ದು ದಡಕ್ಕೆ ಹತ್ತಿರದ ಬಲೆ, ಏಡಿ ಜೀವಂತ ಇರುತ್ತದೆ.

ಸರಸ್ವತಿಪುರಂ ಅಡುಗೆಮನೆ

ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಹೊರಗಿನ ಮುದ್ದೆ ಇರೋದನ್ನು ಇನ್ನು ನಾನು ಕೊಳ್ಳಲ್ಲ, ಪುಣ್ಯದ ಮಾತು ಆಮೇಲೆ, ಕಸಕ್ಕೆ ದುಡ್ಡು ಕೊಡೋಕೆ ನನಗೆ ಇಷ್ಟ ಇಲ್ಲ. ಅಂಗಡಿಯಲ್ಲಿ ಒಳ್ಳೇ ಏಡಿ ಆರಿಸೋದು ಹೇಗೆ? ಹುಣ್ಣಿಮೆ ಏಡಿ ಪೊಳ್ಳು, ಅಮಾವಾಸ್ಯೆ ಏಡಿ ಗಟ್ಟಿ ಅಂತ ನಮ್ಮತ್ತೆ ಹೇಳುತ್ತಾರೆ. ಅದು ನಿಜವಾ?

ಗಂಗೊಳ್ಳಿ ಹುಡುಗ

ನಮ್ಮಲ್ಲೂ ಅದೇ ಮಾತಿದೆ ಅಕ್ಕಾ, ಅಜ್ಜಿಯ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಪೊಳ್ಳಾಗೋದಕ್ಕೆ ಕಾರಣ ಪೊರೆ ಬಿಡೋದು. ಹಳೇ ಚಿಪ್ಪು ಕಳಚಿದ ಮೇಲೆ ಏಡಿ ನೀರು ಕುಡಿದು ಊದಿಕೊಳ್ಳುತ್ತದೆ, ಹೊಸ ಚಿಪ್ಪು ಗಟ್ಟಿಯಾದ ಮೇಲೆ ಆ ಜಾಗವನ್ನು ನಿಧಾನಕ್ಕೆ ಮಾಂಸ ತುಂಬುತ್ತದೆ. ಆ ನಡುವೆ ಹಿಡಿದರೆ ಗಾತ್ರ ದೊಡ್ಡದು, ಒಳಗೆ ನೀರು.

ಅಂಗಡಿಯಲ್ಲಿ ಏಡಿಯನ್ನು ಮಗುಚಿ, ಕಾಲಿನ ಬುಡದ ಹತ್ತಿರ ಹೆಬ್ಬೆರಳಲ್ಲಿ ಒತ್ತಿ. ಒಳಗೆ ಹೋದರೆ ಬೇಡ. ಚಿಪ್ಪು ಹೊಳೆಯುತ್ತಾ ತೀರಾ ಹೊಸದಾಗಿ ಕಂಡರೆ ಅನುಮಾನ ಪಡಿ. ಸ್ವಲ್ಪ ಹಳೆಯದಾಗಿ, ಕೊಳಕಾಗಿ ಕಂಡದ್ದರಲ್ಲೇ ಮಾಂಸ ಜಾಸ್ತಿ. ಕೈಯಲ್ಲಿ ಎತ್ತಿದರೆ ಭಾರ ಗೊತ್ತಾಗಬೇಕು. ಒಳಗಿನ ಕೆಂಪು ಬೇಕೇ ಬೇಕು ಅಂದರೆ ಯಾವಾಗಲಾದರೂ ಹೆಣ್ಣು ತಗೊಳ್ಳಿ, ಇಲ್ಲದಿದ್ದರೆ ದೊಡ್ಡ ಗಂಡು ಕೇಳಿ, ಕೊಂಡಿಯಲ್ಲಿ ಮಾಂಸ ಜಾಸ್ತಿ ಸಿಗುತ್ತದೆ. ಅಂಗೈಗಿಂತ ಚಿಕ್ಕದನ್ನು ಬಿಟ್ಟುಬಿಡಿ, ಅದರಲ್ಲಿ ಚಿಪ್ಪೇ ಜಾಸ್ತಿ.

ಕುವೆಂಪುನಗರ ಅಮ್ಮ

ನಾವು ಸಸ್ಯಾಹಾರಿಗಳು, ಆದರೂ ಪೂರ್ತಿ ಓದಿದೆ. ಮಗಳು ಆರನೇ ಕ್ಲಾಸು. ನೀಲಿ ರಕ್ತದ ಏಡಿ ಅಂತ ಎಲ್ಲೋ ಓದಿ ಬಂದು ತಲೆ ತಿನ್ನುತ್ತಿದ್ದಾಳೆ. ಅದು ನಮ್ಮ ಕಡಲಲ್ಲಿ ಇದೆಯಾ? ದಸರಾ ರಜೆಗೆ ಮುರುಡೇಶ್ವರ, ಕುಂದಾಪುರ ಕಡೆ ಹೋಗುತ್ತಿದ್ದೇವೆ, ಏನು ತೋರಿಸಬಹುದು?

ಝೂಆಲಜಿ ಮೇಷ್ಟ್ರು

ಅವಳು ಓದಿರೋದು ಕುದುರೆಲಾಳದ ಏಡಿ. ಹೆಸರಿಗೆ ಏಡಿ, ಸಂಬಂಧ ಜೇಡ, ಚೇಳುಗಳ ಕಡೆಗೆ. ನಮ್ಮ ದೇಶದಲ್ಲಿ ಅದು ಒಡಿಶಾ, ಬಂಗಾಳದ ತೀರದಲ್ಲಿದೆ. ಕರ್ನಾಟಕದಲ್ಲಿ ಹುಡುಕಬೇಡಿ. ಆದರೆ ಅವಳಿಗೆ ಇದನ್ನೂ ಹೇಳಿ: ಸಾಮಾನ್ಯ ಏಡಿಯ ರಕ್ತವೂ ತಿಳಿ ನೀಲಿಯೇ, ಅದರಲ್ಲಿ ಕಬ್ಬಿಣದ ಬದಲು ತಾಮ್ರ ಇರುತ್ತದೆ.

ಮೈಸೂರು ಬಿಡುವ ಮೊದಲು ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ. ನೀರು ಇಳಿದಾಗ ಹೋದರೆ ಮಾತ್ರ ಏನಾದರೂ ಕಾಣುತ್ತದೆ. ಮರಳಲ್ಲಿ ಬಿಲದ ಸುತ್ತ ಸಾಸಿವೆಯಷ್ಟು ಮರಳುಂಡೆಗಳ ಚಿತ್ತಾರ ಇದ್ದರೆ ಅದು ಮರಳೇಡಿಯ ಊಟದ ಎಂಜಲು. ಮರಳನ್ನು ಬಾಯಿಗೆ ಹಾಕಿ, ತಿನ್ನೋದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಎಸೆಯುತ್ತದೆ. ಸಂಜೆ ಕತ್ತಲಾದ ಮೇಲೆ ಓಡಾಡೋದು ದೆವ್ವದ ಏಡಿ, ಮರಳಿನ ಬಣ್ಣವೇ, ಕಣ್ಣು ಕೊಂಬಿನ ಮೇಲೆ. ಟಾರ್ಚು ಒಂದು ಸಲ ಹಾಕಿ ನೋಡಿ ಆರಿಸಿ, ಬಿಲ ಅಗೆಯಬೇಡಿ.

ಗಂಗೊಳ್ಳಿ ಹುಡುಗ

ಕುಂದಾಪುರದಲ್ಲಿ ನೀರಿಳಿದಾಗ ಹೊಳೆ ದಡದ ಕೆಸರಿನ ಹತ್ತಿರ ಸುಮ್ನೆ ಐದು ನಿಮಿಷ ಅಲ್ಲಾಡದೆ ನಿಲ್ಲಿ. ಮೊದಲು ಏನೂ ಇರಲ್ಲ. ಆಮೇಲೆ ಒಂದೊಂದೇ ಪಿಟೀಲು ಏಡಿ ಹೊರಗೆ ಬಂದು ಕೈ ಬೀಸಲು ಶುರು ಮಾಡುತ್ತವೆ. ಮಗಳು ಓಡಿದರೆ ಒಂದೇ ಏಟಿಗೆ ಎಲ್ಲಾ ಮಾಯ, ಮತ್ತೆ ಐದು ನಿಮಿಷ ಕಾಯಬೇಕು.

ಶಂಖ, ಚಿಪ್ಪು ಚೀಲ ತುಂಬಾ ತರಬೇಡಿ ಅಕ್ಕಾ. ಸನ್ಯಾಸಿ ಏಡಿಗಳಿಗೆ ಸ್ವಂತ ಚಿಪ್ಪು ಇರಲ್ಲ, ಖಾಲಿ ಶಂಖದೊಳಗೇ ಹೊಟ್ಟೆ ತೂರಿಸಿ ಬದುಕುತ್ತವೆ, ಬೆಳೆದಂತೆಲ್ಲ ದೊಡ್ಡದು ಹುಡುಕಬೇಕು. ಎತ್ತಿಕೊಂಡ ಶಂಖ ಚೀಲಕ್ಕೆ ಹಾಕುವ ಮೊದಲು ಅಂಗೈ ಮೇಲೆ ಬಾಯಿ ಮೇ‌ಲೆ ಮಾಡಿ ಸ್ವಲ್ಪ ಹೊತ್ತು ಇಡಿ, ಒಳಗೆ ಯಾರಾದರೂ ಇದ್ದರೆ ಕಾಲು ಹೊರಗೆ ಹಾಕುತ್ತಾರೆ. ಇಳಿತದ ಸಮಯ ಗೊತ್ತಾಗದಿದ್ದರೆ ಹೋಗೋ ತಾರೀಕು ಇಲ್ಲಿ ಹಾಕಿ, ಮನೆಗೆ ಫೋನ್ ಮಾಡಿ ಕೇಳಿ ಹೇಳುತ್ತೇನೆ.